ಹಿನ್ನೀರಿನ ಕೆಂಪು ಮಣ್ಣು

ಅತ್ತಿಗೆಯನ್ನು ಅಣೆಕಟ್ಟು ನೋಡಲು ಕರೆದುಕೊಂಡು ಹೊರಟವಳು ನಾನೇ. ಬೆಟ್ಟ ಕುಸಿದ ಆ ಮಳೆಗಾಲದಲ್ಲಿ ಅವರ ತವರುಮನೆ ಗುಡ್ಡದ ಜೊತೆಗೇ ಕೊಚ್ಚಿಹೋಗಿತ್ತು. ಒಳಗಿದ್ದ ಅವರ ಅಮ್ಮ ಸಿಗಲೇ ಇಲ್ಲ. ಅಗೆದು ಅಗೆದು ಹುಡುಕುತ್ತಿದ್ದವರೂ ಕೈಬಿಟ್ಟರು. ಅಲ್ಲಿಂದೀಚೆಗೆ ಅತ್ತಿಗೆ ಮಡಿಕೇರಿಯಲ್ಲಿ ಗುಡ್ಡದ ಬುಡದಲ್ಲಿರುವ ಅಣ್ಣನ ಮನೆ ಬಿಟ್ಟು ಹೊರಗೆ ಬರುವುದೇ ಅಪರೂಪವಾಗಿತ್ತು. ಕಳೆದ ಬೇಸಿಗೆಯಲ್ಲಿ ನಾನು ಶನಿವಾರಸಂತೆಯಿಂದ ಕಾರು ಓಡಿಸಿಕೊಂಡು ಹೋಗಿ, ಬಲವಂತ ಮಾಡಿ ಅವರನ್ನು ಹೊರಡಿಸಿದೆ.

ಮೊದಲು ಚಿಕ್ಲಿಹೊಳೆಗೆ ಹೋದೆವು. ಅರ್ಧಚಂದ್ರದಂತೆ ಬಾಗಿದ ಹಳೆಯ ಕಟ್ಟೆಯ ಹತ್ತಿರ ಕುಳಿತು ಅಕ್ಕಿರೊಟ್ಟಿ ತಿಂದೆವು. ಶಾಲೆಯಲ್ಲಿದ್ದಾಗ ಇಲ್ಲಿಗೆ ಬಂದು ಚಪ್ಪಲಿ ಕಳೆದುಕೊಂಡದ್ದನ್ನು ಹೇಳಿ ಅತ್ತಿಗೆ ನಕ್ಕರು. ಆ ನಗು ಕೇಳಿ ನನಗೆ ಧೈರ್ಯ ಬಂತು. ಹಾರಂಗಿ ಅಣೆಕಟ್ಟನ್ನೂ ನೋಡಿಯೇ ಹೋಗೋಣ ಎಂದೆ.

ಅಲ್ಲಿ ಅವರಿಗೆ ಗೇಟುಗಳೂ ಬೇಡ, ಉದ್ಯಾನವೂ ಬೇಡ.

“ಹಿನ್ನೀರು ಯಾವ ಕಡೆ?” ಎಂದು ಕೇಳಿದರು.

ಸುತ್ತುಹಾಕಿಕೊಂಡು ಹಿನ್ನೀರಿನ ದಡಕ್ಕೆ ಹೋದೆವು. ನೀರು ಬಹಳ ಹಿಂದೆ ಸರಿದಿತ್ತು. ಅದು ಬಿಟ್ಟುಹೋದ ಜಾಗದಲ್ಲಿ ಬಿರುಕುಬಿಟ್ಟ ಕೆಂಪು ಬಯಲು ಹಾಸಿಕೊಂಡಿತ್ತು. ಒಂದು ಹಕ್ಕಿಯೂ ಅದರ ಮೇಲೆ ಇಳಿದಿರಲಿಲ್ಲ. ಅತ್ತಿಗೆ ಒಂದು ಹೆಂಟೆ ಎತ್ತಿ, ಪುಡಿ ಮಾಡಿ, ಮೂಸಿದರು.

“ಇದು ನಮ್ಮನೆ ಹಿಂದಿನ ಮಣ್ಣು ಕಣೇ.”

“ಮಣ್ಣೆಲ್ಲಾ ಹಿಂಗೇ ಇರುತ್ತೆ ಅತ್ತಿಗೆ. ಬನ್ನಿ, ಹೋಗೋಣ.”

“ನಮ್ಮ ಹೊಳೆ ಬಂದು ಸೇರೋದು ಇಲ್ಲಿಗೇ. ಅಷ್ಟು ದೊಡ್ಡ ಗುಡ್ಡ ಎಲ್ಲಿಗೆ ಹೋಯ್ತು ಅಂತ ಯಾರಾದ್ರೂ ಹೇಳಿದ್ರಾ? ಇಲ್ಲಿದೆ, ನೋಡು.”

ಗುಡ್ಡದ ಜೊತೆ ಇನ್ನೇನು ಬಂದಿರಬಹುದೆಂದು ಅವರು ಹೇಳಲಿಲ್ಲ. ದೂರದಲ್ಲಿ ಮಣ್ಣಿನಿಂದ ಏನೋ ಬೆಳ್ಳಗೆ ಮೇಲೆದ್ದಿತ್ತು. ಅತ್ತಿಗೆ ಅದನ್ನೇ ನೋಡುತ್ತಾ ನಡೆಯತೊಡಗಿದರು. ನಾನು ಕೂಗಿದರೂ ತಿರುಗಲಿಲ್ಲ. ಓಡಿಹೋಗಿ ಹಿಡಿಯೋಣ ಎನ್ನುವಷ್ಟರಲ್ಲಿ ಅವರ ಕಾಲ ಕೆಳಗಿನ ಒಣ ಪದರ ಒಡೆಯಿತು. ನೋಡನೋಡುತ್ತಲೇ ಮೊಣಕಾಲು, ಆಮೇಲೆ ತೊಡೆ ಹೂತುಹೋಯಿತು. ಅವರು ಕಿರುಚಲೂ ಇಲ್ಲ.

ನೀರಿನಂಚಿನಲ್ಲಿ ತೆಪ್ಪದಲ್ಲಿದ್ದ ಮೀನುಗಾರನೊಬ್ಬ ನನ್ನತ್ತ ಕೂಗಿದ. “ಅಕ್ಕಾ, ನೀವು ಹೋಗ್ಬೇಡಿ! ಮೊನ್ನೆ ಹಸು ಹೋಗಿದೆ ಅಲ್ಲಿ!” ಅವನು ತೆಪ್ಪವನ್ನು ಆದಷ್ಟು ಹತ್ತಿರ ತಂದು ಅತ್ತಿಗೆಯತ್ತ ಹಗ್ಗ ಎಸೆದ. “ಕಾಲು ಒದೀಬೇಡಿ, ಎದೆ ಮೇಲೆ ಮಲಗಿ, ಹಗ್ಗ ಬಿಡ್ಬೇಡಿ!”

ಅತ್ತಿಗೆ ಹಗ್ಗ ಹಿಡಿಯಲಿಲ್ಲ. ಆ ಬಿಳಿಯದರ ಕಡೆಗೇ ಕೈಚಾಚಿದ್ದರು.

“ಅದು ಕಾಫಿ ಗಿಡದ ಬೇರು ಅತ್ತಿಗೆ! ಬರೀ ಬೇರು!” ಎಂದು ನಾನು ದಡದಿಂದ ಅಳುತ್ತಾ ಕೂಗಿದೆ. ಬಹಳ ಹೊತ್ತಾದ ಮೇಲೆ, ಅಥವಾ ನನಗೆ ಹಾಗನ್ನಿಸಿತು, ಅವರ ಕೈ ಹಗ್ಗದತ್ತ ಹೊರಳಿತು. ಮೀನುಗಾರ ಎಳೆದ ಹಾಗೆ ಕೆಸರು ಅವರನ್ನು ಒಲ್ಲದ ಮನಸ್ಸಿನಿಂದ ಬಿಟ್ಟಿತು.

ಆ ಮನುಷ್ಯನಿಗೆ ಕೈಮುಗಿದು ಕಾರು ಹತ್ತಿದೆವು. ಮಡಿಕೇರಿ ದಾರಿಯಲ್ಲಿ ಹೋಗುತ್ತಿರುವಾಗ ಬೇಸಿಗೆಯ ಮಳೆ ಒಮ್ಮೆಲೇ ಸುರಿಯಿತು. ಒಂದು ಸಣ್ಣ ಸೇತುವೆಯ ಹತ್ತಿರ ಅತ್ತಿಗೆ ನಿಲ್ಲಿಸಲು ಹೇಳಿ, ಗಾಜು ಇಳಿಸಿ ಕೆಳಗೆ ನೋಡಿದರು. ತೊರೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

“ಮೇಲಿಂದ ಮಣ್ಣು ಇನ್ನೂ ಇಳೀತಾ ಇದೆ,” ಎಂದರು. “ಮನೆಗೆ ಬೇಡ. ನಿಮ್ಮೂರಿಗೆ ಕರ್ಕೊಂಡು ಹೋಗು.”

ನಾನು ವಾದಿಸದೆ ಕಾರು ತಿರುಗಿಸಿದೆ. ಅಣ್ಣ ಫೋನಿನಲ್ಲಿ ಬೈದ. ಒಂದು ಮಳೆಗೆ ಹೆದರಿ ಮನೆ ಬಿಡುತ್ತಾರೆಯೇ ಎಂದ. ಮಳೆಗಾಲ ಶುರುವಾದರೂ ಅತ್ತಿಗೆ ವಾಪಸು ಹೋಗಲಿಲ್ಲ. ಹುಷಾರಾಗಿರಿ ಎಂದು ಅಣ್ಣನಿಗೆ ಫೋನಿನಲ್ಲಿ ದಿನವೂ ಹೇಳುತ್ತಿದ್ದರು. ಜುಲೈಯಲ್ಲಿ ಒಂದು ಬೆಳಿಗ್ಗೆ ಅಣ್ಣನೇ ಒಂದು ಬ್ಯಾಗು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. ಒದ್ದೆ ಕೊಡೆ ಮಡಚುತ್ತಾ, ನಮ್ಮಿಬ್ಬರ ಮುಖವನ್ನೂ ನೋಡದೆ ಹೇಳಿದ:

“ಹಿತ್ತಲ ಗೋಡೆಯಿಂದ ಗುಡ್ಡದ ತನಕ ಬಿರುಕು ಬಿಟ್ಟಿದೆ. ಕೈ ಹಾಕಿ ನೋಡ್ದೆ. ತಳ ಸಿಗ್ಲಿಲ್ಲ.”