ಉಪ್ಪುಗಾಳಿಗೆ ಕದ್ದ ಗಿಡ

ಒಣಮೀನಿನ ವಾಸನೆಗೆ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರಿಗೆ ಹಸಿವಾಗುತ್ತದೆ. ನನಗೆ ಡೇರೆ ಹೂವು ನೆನಪಾಗುತ್ತದೆ. ಇವತ್ತು ಸಾಗರ ಪೇಟೆಯ ಸಂತೆಯಲ್ಲೂ ಹಾಗೇ ಆಯಿತು. ನಗಬೇಡಿ, ಕಾರಣ ಹೇಳುತ್ತೇನೆ.

ಅರವತ್ತರ ದಶಕದ ಮಾತು. ಹೊಸನಗರದ ಕಡೆ ಹುಟ್ಟಿ ಬೆಳೆದ ನನ್ನಕ್ಕನನ್ನು ಘಟ್ಟದ ಕೆಳಗೆ, ಕುಂದಾಪುರದ ಹತ್ತಿರ ಕಡಲಿಗೆ ಮುಖ ಮಾಡಿದ ಮನೆಗೆ ಕೊಟ್ಟಿದ್ದೆವು. ಅವಳ ಕೋಣೆಯ ಕಿಟಕಿಯೆದುರು ಬರೀ ಮರಳಿನ ಅಂಗಳ. ಅಲ್ಲಿ ಹೂದೋಟ ಮಾಡುತ್ತೇನೆಂದಳು. ಅವಳ ಅತ್ತೆ ಗಡುವು ಹಾಕಿದರು: "ಚೌತಿಗೆ ಗಣಪತಿಗೆ ನಮ್ ಅಂಗ್ಳದ್ದೇ ಹೂ ಇದ್ರೆ ಅದ್ ನಿನ್ ತೋಟ. ಇಲ್ದಿರೆ ಮೀನ್ ಒಣ್ಗ್ಸುವವ್ರಿಗೆ ಬಿಡುದೇ."

ಅದು ನಾನು ಗಿಡ, ಬೀಜ ಹೊತ್ತು ಊರೂರು ಮಾರುತ್ತ ಕಾಲೂರುತ್ತಿದ್ದ ಕಾಲ. ಚೌಕಾಸಿಯಲ್ಲಿ ನನಗೆ ಸಮ ಯಾರೂ ಇಲ್ಲವೆಂಬ ಗರ್ವ. ತೀರ್ಥಹಳ್ಳಿಯ ಹೆಗ್ಗಡತಿಯೊಬ್ಬರಿಗೆ ಮೆಣಸಿನ ಬಳ್ಳಿ ಒಪ್ಪಿಸಿ, ಅವರು ಸೊಸೆಗೂ ಕೊಡದ ಡೇರೆಗೆಡ್ಡೆ ಗಿಟ್ಟಿಸಿಕೊಂಡು ಘಾಟಿ ಇಳಿದು ಅಕ್ಕನ ಅಂಗಳದಲ್ಲಿ ನೆಟ್ಟೆ. ಇಲ್ಲೂ ಮಳೆ, ಅಲ್ಲೂ ಮಳೆ, ಗಿಡಕ್ಕೇನು ವ್ಯತ್ಯಾಸ? ಘಟ್ಟದ ಮೇಲಿನವರಷ್ಟೇ ಹೀಗೆ ಯೋಚಿಸಬಲ್ಲರು. ನಾವು ಮಳೆಯೊಂದನ್ನೇ ನೋಡುತ್ತೇವೆ, ಗಾಳಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಷಾಢದಲ್ಲಿ ಮತ್ತೆ ಹೋದಾಗ ಎಲೆಗಳ ಅಂಚೆಲ್ಲ ಕೆಂಡಕ್ಕೆ ಹಿಡಿದ ಹಪ್ಪಳದಂತೆ ಸುಟ್ಟಿತ್ತು. ಅಕ್ಕ ಅವನ್ನು ಒಂದೊಂದಾಗಿ ಚಿವುಟಿ ಹಾಕುತ್ತಿದ್ದಳು. ಅಂಗಳಕ್ಕೆ ಆಗಲೇ ಒಣಮೀನಿನ ವಾಸನೆ ಬಂದಂತಾಯಿತು.

ನೀವು ಕಡಲ ದಡದಲ್ಲಿ ಮನೆ ಕಟ್ಟುವವರಾದರೆ ಒಂದು ಮಾತು ಕೇಳಿ. ಗಿಡ ಕೊಳ್ಳುವ ಮೊದಲು ನೆರೆಯವರ ಬೇಲಿಗುಂಟ ನಡೆಯಿರಿ. ಎಲೆ ದಪ್ಪಗೆ, ಮೇಣ ಸವರಿದಂತಿದ್ದರೆ ಉಪ್ಪು ತಾಳುತ್ತದೆ. ಗಾಳಿಗೆ ಅಡ್ಡ ಕೇದಗೆ, ಹೊನ್ನೆ. ಅವುಗಳ ಮರೆಯಲ್ಲಿ ಕಣಗಿಲೆ, ದಾಸವಾಳ. ಬರೀ ಮರಳಿಗೆ ನಿತ್ಯಪುಷ್ಪ. ಇಷ್ಟು ಜ್ಞಾನ ನನಗೆ ಬಂದದ್ದು ಪಕ್ಕದ ಮನೆಯ ಸುಬ್ಬಮ್ಮನ ಬೇಲಿ ನೋಡಿ.

ಕೂಡಲೇ ಆಕೆಯ ಗಿಡಗಳ ಗೆಲ್ಲು-ಕೊಂಬೆಗೆ ವ್ಯಾಪಾರಕ್ಕಿಳಿದೆ. ಮೆಣಸು ಕೊಡುತ್ತೇನೆಂದೆ, ಏಲಕ್ಕಿ ಎಂದೆ, ಜೇನೂ ಎಂದೆ. ಆಕೆ, "ಕೊಡುದಿಲ್ಲೆ ಮಾರಾಯ" ಅಂದರೆ ಮುಗಿಯಿತು. ಸೋತು ಬಂದು ಹೇಳಿದರೆ ಅಕ್ಕ, ಆ ಮಳೆಗಾಲದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದು ನಕ್ಕಳು.

"ಕೇಳಿದ್ಯಾ? ಥೂ ದಡ್ಡ! ಕೇಳಿ ತಂದ ಗಿಡ ಎಲ್ಲಾದ್ರೂ ಬದುಕ್ತದಾ? ಕದೀಬೇಕು ಕಣೋ. ಅಮ್ಮ ಕಲಿಸ್ಲಿಲ್ವಾ?"

ಮಧ್ಯಾಹ್ನ ಕತ್ತಿ ಹಿಡಿದು ಇಬ್ಬರೂ ಬೇಲಿ ನುಗ್ಗಿದೆವು. ಸುಬ್ಬಮ್ಮ ಜಗಲಿಯಲ್ಲೇ ಕೂತಿದ್ದರು! ನಮ್ಮನ್ನು ಕಂಡದ್ದೇ ಗೋಡೆಯ ಕಡೆ ತಿರುಗಿ ಬೆಕ್ಕಿಗೆ ಗದರಿದರು: "ನಂಗ್ ಎಂತದೂ ಕಾಂತಿಲ್ಲೆ. ಅದ್ ಎಳೇ ಗೆಲ್ಲ್, ಕೊಳಿತ್ತ್. ಬಲ್ತದ್ ಬಾವಿ ಬದಿಗಿತ್ತ್. ನಿತ್ಯಪುಷ್ಪ ಬೇರ್ ಸಮೇತ ಕೀಳ್ಕ್, ತಿಳೀತಾ ಪುಚ್ಚೆ?"

ಸುಬ್ಬಮ್ಮ ಹೇಳಿದಂತೆ ಬೆಕ್ಕು ಕೇಳಲಿಲ್ಲ, ನಾವು ಕೇಳಿದೆವು.

ಚೌತಿಯ ಬೆಳಿಗ್ಗೆ ದಾಸವಾಳ ಬರೀ ಚಿಗುರು, ಕಣಗಿಲೆಯೂ ಅಷ್ಟೆ. ನಿತ್ಯಪುಷ್ಪ ಮಾತ್ರ ಒಂದು ಬೊಗಸೆ ಬಿಟ್ಟಿತ್ತು. ಅತ್ತೆ ಬಗ್ಗಿ ನೋಡಿದರು. ಈ ಬಡ ಹೂವನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಎಲ್ಲಿಂದ ತಂದದ್?"

"ಕದ್ದದ್ದು," ಅಂದಳು ಅಕ್ಕ, ತಲೆ ತಗ್ಗಿಸದೆ.

"ಹಂಗಾರೆ ಉಳಿತ್ತ್," ಎಂದು ಅತ್ತೆ ಹೂವನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು.

ಸಂತೆಯಿಂದ ಬಂದವನು ಅಕ್ಕನಿಗೆ ಫೋನು ಮಾಡಿದೆ. ಮುಂದಿನ ವಾರ ಬರುತ್ತೇನೆ, ಊರಿಂದ ಏನು ತರಲಿ ಎಂದೆ. "ಬಪ್ಪತಿಗೆ ಎಂತದೂ ತರ್ಬೇಡ. ನೀವ್ ಘಟ್ಟದ್ ಮೇಲಿನವ್ರ್ ತಂದದ್ ಇಲ್ಲಿಗ್ ಆತಿಲ್ಲೆ," ಎಂದಳು. ಬರುವಾಗ ಎನ್ನುವುದಕ್ಕೆ ಅಲ್ಲಿಯವರು ಬಪ್ಪತಿಗೆ ಎನ್ನುತ್ತಾರೆ, ಈಗ ಅಕ್ಕನೂ. ನಾನು ಚೌಕಾಸಿಗಿಳಿಯದೆ, ಆಯಿತೆಂದು ಫೋನಿಟ್ಟೆ.