ಚಾರ್ಜ್ ಇಲ್ಲದ ಟ್ಯಾಬ್

ಕಾರ್ಕಳದ ಆ ಟೈಲ್ಸ್ ಅಂಗಡಿಯವರಿಗೆ ಟ್ಯಾಬ್ ಕೊಳ್ಳಲು ಹೇಳಿದವನು ನಾನೇ. ಬಿಲ್ ಮಾಡಲು ಕಂಪ್ಯೂಟರ್ ಬೇಕು, ಮಾದರಿ ತೋರಿಸಲು ಟ್ಯಾಬ್ ಧಾರಾಳ ಸಾಕು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಮೊದಲೆಲ್ಲ ಅವರು ಗಿರಾಕಿಗಳನ್ನು ಗೋದಾಮಿಗೆ ಕರೆದೊಯ್ದು, ಒಂದೊಂದು ಟೈಲನ್ನೂ ಬೆರಳ ಗೆಣ್ಣಿನಿಂದ ಬಡಿದು, "ಸ್ವರ ಕೇಳಿ" ಎನ್ನುತ್ತಿದ್ದರು. ಟ್ಯಾಬ್ ಬಂದ ಮೇಲೆ ಜನ ನಿಂತಲ್ಲೇ ಆರಿಸಿ ಹೊರಡತೊಡಗಿದರು. ವ್ಯಾಪಾರವೇನೋ ಹೆಚ್ಚಿತು. ಗೋದಾಮಿಗೆ ಮಾತ್ರ ಅವರು ಒಬ್ಬರೇ ಹೋಗಿ ಬರುತ್ತಿದ್ದರು.

ಒಂದು ಮಧ್ಯಾಹ್ನ ದಾರಿಯಲ್ಲಿ ಹೋಗುತ್ತಾ ಒಳಗೆ ಇಣುಕಿದೆ. ನನ್ನನ್ನು ಕಂಡದ್ದೇ ಟ್ಯಾಬನ್ನು ಕವುಚಿಟ್ಟರು.

"ಚಾರ್ಜ್ ಇಲ್ಲ ಮಾರಾಯ್ರೆ. ಗೋದಾಮಿಗೇ ಹೋಗುವ, ಬನ್ನಿ."

ತುಂಬಿದ ಬ್ಯಾಟರಿ ನನ್ನ ಕಣ್ಣಿಗೆ ಬಿದ್ದಾಗಿತ್ತು.

"ಚಾರ್ಜ್ ಇಲ್ಲದಿದ್ದರೆ ಎಂತ ಮಾಡುವುದು, ನಡೆಯಿರಿ" ಎಂದೆ.

ಬೇಡವೇ ಬೇಡದ ಟೈಲಿಗೆ ಸಂಜೆಯವರೆಗೆ ಚೌಕಾಸಿ ಮಾಡಿದೆ.