ಮಾಳದ ಪಾಲು

ಸೊಲ್ಲಾಪುರದ ಕಾಲೇಜಿನಲ್ಲಿ ಎಂ.ಎಸ್ಸಿ. ಓದುವಾಗ ಶೀತಲ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಹುಲ್ಲು. ದುಧನಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ಅವಳ ಅಪ್ಪನಿಗೆ ಇದನ್ನು ನಾಲ್ಕು ಮಂದಿಯ ಮುಂದೆ ಹೇಳುವುದೇ ಮುಜುಗರ. ಮದುವೆಯಾಗಿ ಸೊಲ್ಲಾಪುರದ ಚಾದರ ವ್ಯಾಪಾರಿಗಳ ಮನೆಗೆ ಬಂದ ಮೇಲೆ ಸುದ್ದಿ ಅಲ್ಲಿಗೂ ಮುಟ್ಟಿತು. ಅತ್ತೆ ಕಸ್ತೂರಬಾಯಿ ನೆಂಟರ ಮುಂದೆ, "ನಮ್ಮ ಸಣ್ಣ ಸೊಸಿ ಹುಲ್ಲ ಕಲತ ಬಂದಾಳ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಶೀತಲಳೂ ನಗುತ್ತಿದ್ದಳು. ಆದರೆ ಕಲಿತದ್ದನ್ನು ಮರೆತಿರಲಿಲ್ಲ.

ಆ ಮನೆತನಕ್ಕೆ ಅಕ್ಕಲಕೋಟದ ಹತ್ತಿರ ದೊಡ್ಡದೊಂದು ಮಾಳವಿತ್ತು. ಮೇಲೆ ಗೇಣುದ್ದ ಮಣ್ಣು, ಕೆಳಗೆ ಬರೀ ಮುರುಮಿನ ಜಲ್ಲಿಗಲ್ಲು. ಯಾರೂ ಎಂದೂ ಅಲ್ಲಿ ನೇಗಿಲು ಹೂಡಿರಲಿಲ್ಲ. ಮನೆಯವರ ಪಾಲಿಗೆ ಅದು ಇದ್ದೂ ಇಲ್ಲದಂಥ ಆಸ್ತಿ. ಶೀತಲ ಮಾತ್ರ ಪ್ರತಿ ಮಳೆಗಾಲ ಗಂಡ ಗುರುಸಿದ್ಧನನ್ನು ಕಾಡಿ, ಅವನ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಹೋಗಿಬರುತ್ತಿದ್ದಳು. ಮೊಣಕಾಲುದ್ದದ ಹುಲ್ಲಿನ ಬುಡದಲ್ಲಿ ನೆಲಗುಬ್ಬಿಗಳ ಗೂಡುಗಳಿರುತ್ತಿದ್ದವು. ಗಂಡುಹಕ್ಕಿ ನೆಟ್ಟಗೆ ಮೇಲೇರಿ, ಹಾಡುತ್ತ ಹಾಡುತ್ತ ಒಮ್ಮೆಲೇ ಕಲ್ಲು ಬಿದ್ದಂತೆ ಇಳಿಯುತ್ತಿತ್ತು. ದೂರದಲ್ಲಿ ಚಿಗರಿ ಜಿಂಕೆಗಳ ಹಿಂಡು ಕತ್ತೆತ್ತಿ ನೋಡುತ್ತಿತ್ತು. ಒಂದು ಕಾಲಕ್ಕೆ ಮಾಳಢೋಕವೆಂಬ ಸೊಂಟದೆತ್ತರದ ಹಕ್ಕಿಯೂ ಇಲ್ಲಿ ಮೇಯುತ್ತಿತ್ತಂತೆ. ಅದನ್ನು ಅವಳು ಕಾಣಲಿಲ್ಲ. ಅವಳು ಸೊಸೆಯಾಗಿ ಬರುವಷ್ಟರಲ್ಲಿ ಅದು ಈ ಸೀಮೆ ಬಿಟ್ಟು ಹೋಗಿತ್ತು.

ಪಕ್ಕದ ಬೀಳಿನಲ್ಲಿ ಯಾರೋ ಹಸಿರು ಮಾಡುತ್ತೇವೆಂದು ಸಾಲು ಸಾಲು ತಗ್ಗು ತೋಡಿ ಗಿರಿಪುಷ್ಪದ ಗಿಡ ಹಚ್ಚಿದರು. ಬೇಗ ಬೆಳೆಯುವ, ಕುರಿಯೂ ಮೂಸದ ಗಿಡ. ಕೆಲವೇ ವರ್ಷಗಳಲ್ಲಿ ದಟ್ಟವಾಗಿ ಹಬ್ಬಿತು. ಬಸ್ಸಿನಲ್ಲಿ ಹೋಗುವವರು ನೋಡಿ ಮೆಚ್ಚಿದರು. ಆದರೆ ಆ ನೆರಳಿನಡಿ ಹುಲ್ಲು ಸತ್ತಿತು. ದೂರದ ನೋಟ ಕಟ್ಟಿಹೋದಲ್ಲಿ ಚಿಗರಿ ನಿಲ್ಲುವುದಿಲ್ಲ, ಬಯಲಿಲ್ಲದಲ್ಲಿ ನೆಲಗುಬ್ಬಿ ಮೊಟ್ಟೆ ಇಡುವುದಿಲ್ಲ. ಒಂದೊಂದಾಗಿ ಎಲ್ಲ ಹೊರಟುಹೋದದ್ದನ್ನು ಶೀತಲ ತಮ್ಮ ಮಾಳದ ಅಂಚಿನಲ್ಲಿ ನಿಂತು ನೋಡಿದಳು.

ಮಾವ ಚನ್ನವೀರಪ್ಪ ತೀರಿಕೊಂಡ ವರ್ಷ, ಗುರುಸಿದ್ಧನ ಅಣ್ಣ ಉದಯಕುಮಾರ ಮನೆಯವರನ್ನೆಲ್ಲ ಕೂಡಿಸಿ ಹೇಳಿದ: ಪುಣ್ಯಸ್ಮರಣೆಯ ದಿನ ಮಾಳದ ತುಂಬ ಗಿಡ ಹಚ್ಚಿ ಅಪ್ಪನ ಹೆಸರಲ್ಲಿ ಸ್ಮೃತಿವನ ಮಾಡುವುದು. ಎಲ್ಲರೂ ತಲೆಯಾಡಿಸಿದರು.

"ಭಾವಾರ, ಅಲ್ಲಿ ಬ್ಯಾಡ್ರಿ" ಎಂದಳು ಶೀತಲ.

ಉದಯಕುಮಾರ ತಾನು ಕೇಳಿದ್ದು ತಪ್ಪೇನೋ ಎಂಬಂತೆ ನೋಡಿದ. "ನೋಡವಾ, ಗಿಡಾ ಕಡದ್ರ ಮಂದಿ ಅಡ್ಡ ಬರತಾರ. ಹಚ್ಚತೀನಂದ್ರ ಅಡ್ಡ ಬಂದಾಕಿನ್ನ ಇವತ್ತ ನೋಡಾಕತ್ತೀನಿ."

"ಗಿಡಾ ಬ್ಯಾಡ ಅನ್ನೂದಿಲ್ರಿ. ಮಾಳದಾಗ ಬ್ಯಾಡ ಅಂತೀನಿ. ಅದು ಹಾಳ ಬಿದ್ದ ಜಾಗಾ ಅಲ್ರಿ, ಹುಲ್ಲಿನ ಜಾಗಾ. ಬಾಜೂದ್ದ ಹೆಂಗ ಹೋತು, ನಾ ಕಣ್ಣಾರೆ ನೋಡೀನಿ."

"ನಾಕ ಗುಬ್ಬಿ ಸಲುವಾಗಿ ಅಪ್ಪಾನ ಹೆಸರ ಬಿಡೂದೇನು?"

"ಬಿಡೂದ್ಯಾಕ್ರಿ? ಅಕ್ಕಲಕೋಟಕ್ಕ ನಡಕೋತ ಹೋಗೂ ಭಕ್ತರಿಗಿ ದಾರ್ಯಾಗ ನೆರಳಿಲ್ಲ. ಅಲ್ಲಿ ಬೇವು, ಆಲ ಹಚ್ಚೂಣು. ನೀರ ನಾ ಹಾಕತೀನಿ."

ಆಮಂತ್ರಣ ಆಗಲೇ ಅಚ್ಚಾಗಿತ್ತು, ದೊಡ್ಡ ಮಂದಿಗೆ ಹೇಳಿಯಾಗಿತ್ತು. ಉದಯಕುಮಾರನಿಗೆ ತಡೆಯಲಾಗಲಿಲ್ಲ. "ಅದರ ಮ್ಯಾಲ ಅಷ್ಟ ಜೀವ ಇದ್ರ ಅಂಗಡ್ಯಾಗಿನ ಪಾಲ ಬಿಡ್ರಿ, ಮಾಳಾ ಅಷ್ಟೂ ನೀವ ತಗೋರಿ!" ಎಂದ. ಅಲ್ಲಿಗೆ ಮಾತು ಮುಗಿಯಿತೆಂದೇ ಅವನು ತಿಳಿದದ್ದು.

"ವಿಚಾರ ಮಾಡಿ ಹೇಳತೀವ್ರಿ" ಎಂದಳು ಶೀತಲ. "ಅಲ್ಲೀತನಾ ಜೆಸಿಬಿ ಕಳಸಬ್ಯಾಡ್ರಿ." ಮೂಲೆಯಲ್ಲಿ ಕೂತಿದ್ದ ಗುರುಸಿದ್ಧ ಥಟ್ಟನೆ ಎದ್ದು ನಿಂತ.

ಮರುದಿನ ಬೆಳಿಗ್ಗೆ ಗಂಡಹೆಂಡತಿ ಮಾಳಕ್ಕೆ ಹೋದರು. ಗುರುಸಿದ್ಧ ಒಂದು ಬಂಡೆಯ ಮೇಲೆ ಕೂತ.

"ಅಂಗಡಿ ಬಿಟ್ರ ನನಗ ಬ್ಯಾರೇ ಏನೂ ಬರೂದಿಲ್ಲ ಶೀತಲ. ಸಣ್ಣಾಂವ ಇದ್ದಾಗಿಂದ ಗಾದಿ ಮ್ಯಾಲ ಕುಂತಾಂವ ನಾ."

"ಚಾದರ ಮಾರಾಕ ಬರತದಲ್ರಿ? ಅಕ್ಕಲಕೋಟದ ಗುಡಿಗಿ ಬರೂ ಮಂದೀಗೂ ಚಾದರ ಬೇಕು. ನಾನೂ ಕಾಲೇಜಿನ್ಯಾಗ ಕಲಿಸಾಕ ಹೋಗತೀನಿ."

ಅವನು ಹುಲ್ಲಿನ ಕಡೆ ಕೈ ತೋರಿಸಿದ. "ಇದು ಉಳೀತದ ಅಂತ ನಿನಗ ಖಾತ್ರಿ ಅದ ಏನು?"

"ಉಳೀತದ ಅಂತ ಖಾತ್ರಿ ಇಲ್ರಿ. ಗಿಡಾ ಹಚ್ಚಿದ್ರ ಹೋಗತದ, ಅದು ಮಾತ್ರ ಖಾತ್ರಿ."

ಗುರುಸಿದ್ಧ ಎದ್ದು ಪ್ಯಾಂಟಿಗೆ ಹತ್ತಿದ ಹುಲ್ಲಿನ ಮುಳ್ಳನ್ನು ಒಂದೊಂದಾಗಿ ಕಿತ್ತ. "ನಡೀ, ಅಣ್ಣಾಗ ಹೇಳೂಣು" ಎಂದ.

ಉದಯಕುಮಾರ ಗಾಬರಿಯಾದ. ಸಿಟ್ಟಿನಲ್ಲಿ ಆಡಿದ್ದು, ಮನಸಿಗೆ ಹಚ್ಚಿಕೊಳ್ಳಬೇಡಿ ಎಂದ. ಕಸ್ತೂರಬಾಯಿಗೆ ಸೊಸೆಯ ಮೇಲೆ ಕೆಂಡದಂಥ ಕೋಪವಿತ್ತು. ಆದರೂ ಹಿರಿಮಗನಿಗೆ, "ನೀನ ಆಡಿದ ಮಾತು ಉದಯಾ, ಈಗ ನುಂಗಬ್ಯಾಡ" ಎಂದಳು.

ಪಾಲು ಹಾಗೆಯೇ ಆಯಿತು. ಸಂಸಾರ ಅಕ್ಕಲಕೋಟದ ಬಾಡಿಗೆ ಮನೆಗೆ ಬಂತು. ಗುಡಿಯ ಓಣಿಯಲ್ಲಿ ಗುರುಸಿದ್ಧನ ಸಣ್ಣ ಚಾದರದಂಗಡಿ, ಶೀತಲಳಿಗೆ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ. ಹುಲ್ಲಿಗಾಗಿ ಅಂಗಡಿ ಕಳಕೊಂಡವರೆಂದು ಬಳಗದಲ್ಲಿ ಆಡಿಕೊಂಡರು. ಸ್ಮೃತಿವನದ ಗಿಡಗಳನ್ನು ಉದಯಕುಮಾರ ಕೊನೆಗೆ ಭಕ್ತರ ದಾರಿಯ ಬದಿಗೇ ಹಚ್ಚಿಸಿದ. ಮೊದಲ ಬೇಸಿಗೆಯಲ್ಲಿ ಶೀತಲ ಆಡಿದ ಮಾತಿನಂತೆ ಟ್ಯಾಂಕರ್ ತರಿಸಿ ಅವಕ್ಕೆ ನೀರು ಹಾಕಿದಳು. ಕಾರಿನಲ್ಲಿ ಹಾದುಹೋದ ಉದಯಕುಮಾರ ಅದನ್ನು ನೋಡಿದ, ನಿಲ್ಲಿಸಲಿಲ್ಲ.

ಮಾಳವನ್ನು ಸುಮ್ಮನೆ ಬಿಟ್ಟರೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗಿರಿಪುಷ್ಪದ ಬೀಜ ಸಿಡಿದು ಈಚೆಗೂ ಮೊಳೆಯುತ್ತಿತ್ತು. ರವಿವಾರಕ್ಕೊಮ್ಮೆ ಅವನ್ನು ಕಿತ್ತುಹಾಕಬೇಕು. ಹುಲ್ಲಿಗೆ ಮೇಯುವ ಬಾಯಿಯೂ ಬೇಕು, ಆದರೆ ಬೀಜ ಉದುರುವ ಮೊದಲು ಬರಬಾರದು. ಅಲ್ಲಿ ಕುರಿ ಮೇಯಿಸುತ್ತ ಬಂದಿದ್ದ ಖಂಡಪ್ಪನ ಜೊತೆ ಈ ಮಾತಿಗೇ ಜಗಳವಾಯಿತು. ವಾದ ಮಾಡಿ ಮಾಡಿ ಕೊನೆಗೆ ಇಬ್ಬರೂ ಒಪ್ಪಿದರು: ಅರ್ಧ ಮಾಳ ದೀಪಾವಳಿಯವರೆಗೆ ಬಂದ್, ಉಳಿದರ್ಧ ಅವನ ಕುರಿಗಳಿಗೆ. ಮರುವರ್ಷ ಬಂದ್ ಇದ್ದ ಅರ್ಧದಲ್ಲಿ ಎದೆಯುದ್ದ ಹುಲ್ಲು ನಿಂತದ್ದನ್ನು ಕಂಡ ಮೇಲೆ ಖಂಡಪ್ಪನೇ ಬೇರೆಯವರ ದನ ಅಟ್ಟತೊಡಗಿದ.

ಹುಲ್ಲು ಬಂತು, ಚಿಗರಿ ಬಂದವು, ಅವುಗಳ ಬೆನ್ನಿಗೆ ತೋಳವೂ ಬಂತು. ಒಂದು ಮುಂಜಾನೆ ಖಂಡಪ್ಪ ಕಾಲೇಜಿನ ಗೇಟಿನಲ್ಲೇ ನಿಂತಿದ್ದ.

"ಶೀತಲಬಾಯಿಯವರ, ನಿಮ್ಮ ತ್ವಾಳ ನನ್ನ ಮರಿ ತಿಂದೈತಿ."

"ನನ್ನ ತ್ವಾಳ ಯಾವಾಗ ಆತೋ ಖಂಡಪ್ಪಾ?"

"ನೀವಲ್ಲೇನ್ರಿ ಮಾಳಾ ಕಾದವರು? ನಮ್ಮ ಮಂದಿ ಇಸಾ ಹಾಕೂಣು ಅನ್ನಾಕತ್ತೈತಿ."

ಶೀತಲ ತಡಮಾಡಲಿಲ್ಲ. ವಿಷವಿಟ್ಟರೆ ತೋಳದ ಜೊತೆ ನರಿ, ನಾಯಿ, ಹದ್ದು ಎಲ್ಲ ಸಾಯುತ್ತವೆ. ಅಂದಿನ ಪಾಠಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ, ಅವನನ್ನು ಕರೆದುಕೊಂಡು ಅರಣ್ಯದವರ ಕಚೇರಿಗೆ ಹೋದಳು. ಗಾರ್ಡ್ ಬಂದು ಪಂಚನಾಮೆ ಮಾಡುವವರೆಗೆ ಸತ್ತ ಮರಿಯ ಪಕ್ಕ ಬಿಸಿಲಲ್ಲೇ ನಿಂತಳು. ಕುರಿದೊಡ್ಡಿಗೆ ಗಟ್ಟಿ ಬಲೆ ತಂದಳು; ಗುರುಸಿದ್ಧ ಖಂಡಪ್ಪನ ಜೊತೆ ಗೂಟ ಬಡಿದ. ಪರಿಹಾರ ಕೈಗೆ ಬರಲು ತಿಂಗಳುಗಳೇ ಹಿಡಿದವು. ಅಷ್ಟೂ ಕಾಲ ಖಂಡಪ್ಪ ತನ್ನ ಮಂದಿಯನ್ನು ತಡೆದು ನಿಲ್ಲಿಸಿದ. ವಿಷ ಬೀಳಲಿಲ್ಲ.

ಈ ಸಲ ಮಳೆ ಶುರುವಾದ ಮೇಲೆ ಆಚೆ ಬದಿಯ ಮಾಳದಲ್ಲಿ ಸುಣ್ಣದ ಗೆರೆಗಳು ಕಂಡವು. ಮಾಲೀಕ ಅಣ್ಣಾರಾಯ ಅದನ್ನು ಸೋಲಾರ್ ಹಲಗೆ ಹಾಕುವವರಿಗೆ ಕೊಡಲಿದ್ದಾನೆಂದು ಖಂಡಪ್ಪ ಸುದ್ದಿ ತಂದ. ಶೀತಲ ಕಾಲೇಜಿನಿಂದ ಆಗಷ್ಟೇ ಬಂದಿದ್ದಳು.

"ಕೊಡಾಕ ಒಪ್ಪ್ಯಾನೇನು?"

"ಮಾತ ನಡದೈತ್ರಿ. ಸಹಿ ಆಗಿಲ್ಲ."

ಅಂಗಡಿ ಮುಚ್ಚಿ ಬಂದ ಗುರುಸಿದ್ಧ ಚಹಾಕ್ಕೆ ಇಡುತ್ತಿದ್ದ. ಶೀತಲ ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿದಳು.

"ಚಾ ಆಮ್ಯಾಲ ಕುಡಿಯೂಣ್ರಿ. ಸ್ಕೂಟರ್ ತಗೀರಿ, ಅಣ್ಣಾರಾಯ ಮನ್ಯಾಗ ಇದ್ದಾಗ ಹಿಡೀಬೇಕು."